ಪ್ರಾಸ ಮುರಿದ ಪಂಡಿತರು

ಅವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಿಲ್ಲ. ಯಾರಾದರೂ ಎದುರು ನಿಂತು ಮಾತಾಡುತ್ತಿದ್ದರೆ ಅದು ಕಿರುಬೆರಳ ಬುಡದಿಂದ ಹೊರಟು ಒಂದೊಂದೇ ಗೆಣ್ಣನ್ನು ಮುಟ್ಟುತ್ತ ಮೇಲೆ ಹತ್ತಿ, ಮುಂದಿನ ಬೆರಳಿಗೆ ದಾಟುತ್ತಿತ್ತು. ಉಗುರಿನ ಸಂದಿನಲ್ಲಿ ಸದಾ ಕೆಂಪು ಶಾಯಿ. ಹೊಸಬರು ಜಪ ಮಾಡುತ್ತಿದ್ದಾರೆಂದು ತಿಳಿದು ದನಿ ತಗ್ಗಿಸುತ್ತಿದ್ದರು. ಜಪವಲ್ಲ, ಮಾತ್ರೆಯ ಲೆಕ್ಕ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಎದುರಿನವರು ಏನು ಹೇಳುತ್ತಿದ್ದಾರೆ ಎಂಬುದು ಆ ಬೆರಳಿಗೆ ಬೇಕಿರಲಿಲ್ಲ.

ನನಗೆ ಕನ್ನಡ ಕಲಿಸಿದ ಪಂಡಿತರು ಅವರು. ಮೊದಲು ಚನ್ನಗಿರಿಯ ಮಿಡ್ಲ್ ಸ್ಕೂಲಿನಲ್ಲಿ ನಾನು ಅವರ ವಿದ್ಯಾರ್ಥಿ. ನಮ್ಮೂರು ಉಬ್ರಾಣಿ, ಚನ್ನಗಿರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದೆ. ಆಮೇಲೆ ನಾನೂ ಮೇಷ್ಟ್ರಾಗಿ ಹೊನ್ನಾಳಿಗೆ ಬಂದಾಗ ಅವರು ನನಗಿಂತ ಮುಂಚೆಯೇ ಅಲ್ಲಿಗೆ ವರ್ಗವಾಗಿ ಬಂದು, ಶಾಲೆಯಲ್ಲಿ ಇದ್ದ ಒಂದೇ ಬೆನ್ನಿರುವ ಕುರ್ಚಿಯನ್ನು ತಮ್ಮದು ಮಾಡಿಕೊಂಡಿದ್ದರು. ಅವರ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ಹಲವರು ಹೇಳಿದ್ದಾರೆ. ಇರುವುದನ್ನು ಬರೆಯುತ್ತೇನೆ.

ಅವರ ಪಾಠ ಹೀಗಿತ್ತು. ಹಲಗೆಯ ಮೇಲೆ ಒಂದು ಪದ್ಯ ಬರೆಯುವುದು. ಅಕ್ಷರಗಳ ತಲೆಯ ಮೇಲೆ ಲಘು ಗುರು ಗುರುತು ಹಾಕುವುದು, ನಾಲ್ಕು ಮಾತ್ರೆಗೊಂದು ಗೆರೆ ಎಳೆಯುವುದು; ಅದು ಗಣ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿದೆಯೇ ಎಂದು ನೋಡುವುದು; ಅದು ಪ್ರಾಸ. ಒಂದೇ ಪದ ಎರಡು ಸಲ ಬಂದರೆ ಕೆಂಪು ಸೀಮೆಸುಣ್ಣದಿಂದ ಸುತ್ತುವುದು; ಅದು ಪುನರುಕ್ತಿ, ದೋಷ, 'ಪದದಾರಿದ್ರ್ಯ'. ಅಷ್ಟಾದ ಮೇಲೆ ಅಳಿಸುವುದು. ಪದ್ಯ ಏನು ಹೇಳುತ್ತದೆ ಎಂದು ನಾಲ್ಕು ವರ್ಷದಲ್ಲಿ ಅವರು ಒಮ್ಮೆಯೂ ಕೇಳಲಿಲ್ಲ. ನನ್ನ ಪಕ್ಕ ಕೂರುತ್ತಿದ್ದವನೊಬ್ಬ ಕೇಳಿದ. ಅವನಿಗೆ ಸಿಕ್ಕ ಉತ್ತರ, "ಅದು ಬರೆದವನ ಪಾಡು. ನಿನಗೆ ಗಣ ಸಾಕು."

ಪ್ರಾಸದಲ್ಲಿ ಅವರು ಯಮ. ಒಂದು ಸಾಲಿನಲ್ಲಿ ಸ ಇದ್ದು ಇನ್ನೊಂದರಲ್ಲಿ ಶ ಬಂದರೆ ಹಳಬರು ಅದನ್ನು ಒಪ್ಪಿಕೊಂಡಿದ್ದಾರೆ, ಅದಕ್ಕೊಂದು ಹೆಸರೂ ಇದೆ. ಇವರು ಒಪ್ಪುತ್ತಿರಲಿಲ್ಲ. "ಅದು ಸೋಮಾರಿಗಳಿಗೆ ಕೊಟ್ಟ ರಿಯಾಯಿತಿ" ಎನ್ನುತ್ತಿದ್ದರು. ನಮ್ಮ ಕಡೆಯ ಮಕ್ಕಳ ನಾಲಿಗೆಯಲ್ಲಿ ಶ ಇಲ್ಲ, ಮಹಾಪ್ರಾಣ ಇಲ್ಲ. ದೇಶ ಎಂದರೆ ದೇಸ, ಸಾಧು ಎಂದರೆ ಸಾದು. ಅದಕ್ಕಾಗಿ ಅವರು ಹೊಡೆದ ಹೊಡೆತ ನನ್ನ ಅಂಗೈಗೆ ಗೊತ್ತು.

ಅವರು ಎಂಥವರು ಎಂಬುದು ನನಗೆ ಸ್ಪಷ್ಟವಾದದ್ದು ಹೊನ್ನಾಳಿಗೆ ಬಂದ ಮೊದಲ ವರ್ಷ. ಸಾಸ್ವೆಹಳ್ಳಿಯಿಂದ ಬಂದು ಓದುತ್ತಿದ್ದ ಹುಡುಗನೊಬ್ಬ ಜ್ವರದಲ್ಲಿ ತೀರಿಕೊಂಡಿದ್ದ. ಹೆಸರು ತೆಗೆಸಲು ಅವನ ತಂದೆ ಶಾಲೆಗೆ ಬಂದರು. ಹಾಜರಿ ಪುಸ್ತಕದಲ್ಲಿ ಮಗನ ಹೆಸರು ಕಂಡದ್ದೇ ಮೇಜು ಹಿಡಿದುಕೊಂಡು, "ಹೋದ್ಯಾ ಮಗನೇ, ಹೋದ್ಯಾ ಕಂದಾ" ಎಂದು ಅತ್ತರು. ನಾನು ಅವರನ್ನು ಹಿಡಿದು ಕೂರಿಸಿದೆ. ಪಂಡಿತರು ಕುರ್ಚಿಯಿಂದ ಏಳಲಿಲ್ಲ. ಆ ಮನುಷ್ಯ ಬಾಗಿಲು ದಾಟಿದ ಮೇಲೆ ನನ್ನ ಕಡೆ ತಿರುಗಿ, ನಿಜವಾದ ಸಂತೋಷದಿಂದ, "ಕೇಳಿದೆಯೇನು? ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಅಳುವಾಗಲೂ ಗಣ ತಪ್ಪಿಲ್ಲ" ಎಂದರು.

ಅವತ್ತಿನಿಂದ ನಾನು ಅವರ ಜೊತೆ ಕೂತು ಬುತ್ತಿ ಬಿಚ್ಚಲಿಲ್ಲ.

ಇನ್ನು ಕಲಾಯಿ ಸಾಬರ ವಿಷಯ. ಅವರು ನ್ಯಾಮತಿಯವರು. ಗಾಳಿಯೂದುವ ತಿದಿ, ಇದ್ದಿಲ ಚೀಲ, ತವರದ ಕಡ್ಡಿ ಹೊತ್ತು ಊರೂರು ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹೊನ್ನಾಳಿ, ಸಾಸ್ವೆಹಳ್ಳಿ, ಚನ್ನಗಿರಿ ಎಲ್ಲ ಅವರ ದಾರಿ. ಮಗಳನ್ನು ಜಗಳೂರಿಗೆ ಕೊಟ್ಟಿದ್ದರಿಂದ ವರ್ಷಕ್ಕೊಮ್ಮೆ ಆ ಕಡೆಗೂ ಹೋಗುತ್ತಿದ್ದರು. ಸಣ್ಣವರಿದ್ದಾಗ ಚಾವಡಿಯಲ್ಲಿ ಕಾವ್ಯ ಓದುವುದನ್ನು ಕೇಳಿ ಕೇಳಿ ಅದರ ನಡಿಗೆ ಮೈಗೆ ಹತ್ತಿತ್ತಂತೆ. ಅಕ್ಷರ ಆಮೇಲೆ ಕಲಿತದ್ದು. ಕಪ್ಪು ರಟ್ಟಿನ ಒಂದು ನೋಟ್ ಪುಸ್ತಕದಲ್ಲಿ ಪದ್ಯ ಬರೆದಿದ್ದರು, ಎಲ್ಲವೂ ಶರ ಷಟ್ಪದಿ. ಆರು ಸಾಲಿನ ಪುಟ್ಟ ಪದ್ಯ ಅದು. ನಾಲ್ಕು ಸಾಲು ಗಿಡ್ಡ, ಮೂರನೆಯದೂ ಆರನೆಯದೂ ಸ್ವಲ್ಪ ಉದ್ದ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸಾಬರು ಆ ಪುಸ್ತಕವನ್ನು ಪಂಡಿತರಿಗೆ ತೋರಿಸಲು ಬಂದಾಗ ನಾನು ಅಲ್ಲೇ ಇದ್ದೆ. ಬೆಂಚು ಖಾಲಿಯಿತ್ತು. ಪಂಡಿತರು ಕೂರು ಎನ್ನಲಿಲ್ಲ. ಎರಡು ಪುಟ ತಿರುವಿ, "ಏನಯ್ಯ ಸಾಬಿ, ಬೂದಿಯಲ್ಲಿ ಆಡುವ ಕೈಗೆ ಷಟ್ಪದಿ ಯಾಕೆ?" ಎಂದರು.

ಸಾಬರು, "ತಪ್ಪಿದ್ರೆ ತಿದ್ದಿ ಕೊಡ್ರಿ ಪಂಡಿತ್ರೇ. ನಂಗೆ ಹೇಳಾಕೆ ಯಾರೂ ಇಲ್ಲ" ಎಂದರು.

ಇಟ್ಟು ಹೋಗು, ನೋಡೋಣ ಎಂದರು ಪಂಡಿತರು. ಆಮೇಲೆ ಸಾಬರು ಮೂರು ನಾಲ್ಕು ಸಲ ಬಂದು ಕೇಳಿದ್ದುಂಟು. ಮನೆ ಬದಲಾಯಿಸುವಾಗ ಗೆದ್ದಲು ತಿಂದುಹೋಯಿತು ಎಂಬ ಉತ್ತರ ಬಂದ ಮೇಲೆ ಅವರು ಶಾಲೆಯ ಕಡೆ ಬರುವುದು ನಿಂತಿತು. ನಾನೂ ಮರೆತೆ.

ಎರಡನೆಯ ಮಹಾಯುದ್ಧ ಶುರುವಾಗಿ ಕಾಗದಕ್ಕೆ ಪರದಾಟ ಬಂದಿದ್ದ ಕಾಲದಲ್ಲಿ ಪಂಡಿತರ ಪುಸ್ತಕ ಅಚ್ಚಾಯಿತು. ಒರಟು ಕಾಗದ, ನೂರೆಂಟು ಶರ ಷಟ್ಪದಿ, ಮುಖಪುಟದಲ್ಲಿ ಅವರ ಹೆಸರಿನ ಹಿಂದೆ ಅವರೇ ಸೇರಿಸಿಕೊಂಡ ಎರಡು ಬಿರುದು. ಅಚ್ಚು ಹಾಕಿಸಿದವರು ಊರಿನ ದೊಡ್ಡ ಅಡಿಕೆ ವರ್ತಕರು. ಅವರು ಆ ಪುಸ್ತಕವನ್ನು ತೆರೆದಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆದರೂ ಮುಂದಿನ ಭಾನುವಾರ ಶಾಲೆಯಲ್ಲಿ ಸಭೆ ಎಂದೂ ತಾವೇ ಅಧ್ಯಕ್ಷರೆಂದೂ ಊರಿಗೆಲ್ಲ ಹೇಳಿಕಳಿಸಿದರು.

ಪಂಡಿತರು ನನ್ನನ್ನು ಕರೆದು, ಸಭೆಯಲ್ಲಿ ಪುಸ್ತಕದ ಛಂದಸ್ಸು, ಪ್ರಾಸ, ಪದಗಳ ಮರುಕಳಿಕೆ ಇವುಗಳ ಮೇಲೆ ನೀನೇ ಮಾತಾಡಬೇಕು ಎಂದರು. ನನ್ನ ಕೆಲಸ ಆಗ ಕಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರರಿಗೆ ಬರೆಯಬೇಕಾದ ನಾಲ್ಕು ಸಾಲು ಅವರ ಕೈಯಲ್ಲಿತ್ತು. ಅದನ್ನೂ ಅವರು ನೆನಪಿಸಿದರು. ನಾನು ಆಗಲಿ ಎಂದೆ. ಹೊಗಳಿ ಇಳಿದುಬಿಡುವುದೆಂದೇ ಇದ್ದೆ.

ಆ ವಾರ ಶಾಲೆ ಬಿಟ್ಟ ಮೇಲೆ ಪ್ರತಿ ಸಂಜೆ ಕಿಟಕಿಯ ಬಳಿ ಕೂತು, ಅವರು ಕಲಿಸಿದ ಹಾಗೆಯೇ ಗೆರೆ ಎಳೆಯುತ್ತ ಹೋದೆ. ಮೊದಲನೆಯ ಪದ್ಯ ಅಚ್ಚಿನಲ್ಲಿ ಹೀಗಿತ್ತು:

ಬೀಸಿದ ಗಾಳಿಗೆ
ಸೂಸಿತು ಕೆಂಡವು
ಆಶೆಯ ಕಿಲುಬದು ಹೋಗುವುದೇ
ಮಾಸಿದ ಪಾತ್ರೆಯ
ಲೇಸಲಿ ತಿಕ್ಕದೆ
ಬೇಸರವಿಲ್ಲದೆ ತಿಕ್ಕದೆಯೇ

ಮತ್ತೊಮ್ಮೆ ಓದಿದೆ. ಚೆನ್ನಾಗಿತ್ತು. ಅದೇ ಮೊದಲ ಅನುಮಾನ. ಆ ಮನುಷ್ಯ ತನ್ನ ಜೀವಮಾನದಲ್ಲಿ ಒಂದು ಪಾತ್ರೆ ತಿಕ್ಕಿದವರಲ್ಲ. ಆಮೇಲೆ ಎರಡನೆಯ ಅಕ್ಷರ ನೋಡಿದೆ. ಸಿ, ಸಿ, ಶೆ, ಸಿ, ಸ, ಸ. ಮೂರನೆಯ ಸಾಲಿನಲ್ಲಿ ಪ್ರಾಸ ಮುರಿದಿತ್ತು. ಸ-ಶ ಬೆರೆಸಿದ್ದಕ್ಕೆ ಮಕ್ಕಳ ಕೈ ಬಾಯುವಂತೆ ಹೊಡೆಯುತ್ತಿದ್ದವರ ಪುಸ್ತಕದ ಮೊದಲ ಪದ್ಯದಲ್ಲೇ!

ಮುಂದೆ ಹೋದೆ. ಒಂದರಲ್ಲಿ ಓದು, ಕಾದು, ಬೂದಿಗಳ ನಡುವೆ 'ಸಾಧುವ' ಎಂದಿತ್ತು. ಅದೇ ಪದ್ಯದಲ್ಲಿ 'ಬೂದಿಯಲಿ'. ನಾಲ್ಕು ಮಾತ್ರೆ ಇರಬೇಕಾದ ಕಡೆ ಐದು. ನಮ್ಮ ಜನ ಹೇಳುವ ಹಾಗೆ 'ಬೂದಿಲಿ' ಎಂದು ಹೇಳಿ ನೋಡಿದೆ, ಸರಿಯಾಗಿ ನಾಲ್ಕಕ್ಕೆ ಕೂತಿತು. 'ಸಾದುವ' ಎಂದೆ, ಪ್ರಾಸ ಕೂಡಿತು. 'ಆಸೆಯ' ಎಂದೆ, ಕೂಡಿತು. ಇಂಥವು ಹನ್ನೊಂದು ಪದ್ಯಗಳಲ್ಲಿ ಸಿಕ್ಕವು. ಹನ್ನೊಂದರಲ್ಲೂ ಪುಸ್ತಕದ ಕನ್ನಡ ತೆಗೆದು ಬೀದಿಯ ಕನ್ನಡ ಇಟ್ಟರೆ ಪದ್ಯ ನೆಟ್ಟಗಾಗುತ್ತಿತ್ತು. ಜೊತೆಗೆ, ಅವರು ದಾರಿದ್ರ್ಯ ಎನ್ನುತ್ತಿದ್ದ ಪುನರುಕ್ತಿ ಪ್ರತಿಯೊಂದು ಪದ್ಯದಲ್ಲೂ ಇತ್ತು: ಐದನೆಯ ಸಾಲಿನ ಕೊನೆಯ ಮಾತು ಆರನೆಯ ಸಾಲಿನ ಕೊನೆಯಲ್ಲಿ ಮತ್ತೆ ಬರುತ್ತಿತ್ತು, ತಿಕ್ಕದೆ, ತಿಕ್ಕದೆಯೇ ಎಂಬಂತೆ. ಕೊನೆಯ ಒಂದು ಪದ್ಯದಲ್ಲಿ ಮಾತ್ರ ಇರಲಿಲ್ಲ. ಅದನ್ನು ಆಗ ನಾನು ಗಮನಿಸಲಿಲ್ಲ.

ಕಿವಿಯಿಂದ ಬರೆದ ಯಾರದೋ ಪದ್ಯವನ್ನು ಕಣ್ಣಿನಿಂದ ತಿದ್ದಿದ್ದಾರೆ. ಮಕ್ಕಳ ಕಾಪಿ ಪುಸ್ತಕ ತಿದ್ದುವ ಅಭ್ಯಾಸದಲ್ಲಿ ಸ ಕಂಡ ಕಡೆ ಶ ಮಾಡಿ, ದ ಕಂಡ ಕಡೆ ಧ ಮಾಡಿ ಕಳಿಸಿದ್ದಾರೆ. ಕದ್ದ ಮೇಲೆ ಒಂದು ಸಲ ಗಣ ಹಾಕಿ ನೋಡುವ ಮರ್ಯಾದೆಯನ್ನೂ ಆ ಪದ್ಯಗಳಿಗೆ ಕೊಟ್ಟಿಲ್ಲ. ಯಾರದೆಂದು ನನಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ.

ಶನಿವಾರ ಮಧ್ಯಾಹ್ನ ಸೈಕಲ್ ತುಳಿದುಕೊಂಡು ನ್ಯಾಮತಿಗೆ ಹೋದೆ. ಸಾಬರು ಮನೆಯ ಮುಂದೆ ಗುಂಡಿ ತೋಡಿ ಬೆಂಕಿ ಮಾಡಿ ಒಂದು ಹಂಡೆಗೆ ಕಲಾಯಿ ಹಾಕುತ್ತ ಕೂತಿದ್ದರು. ಕಾದ ತಾಮ್ರಕ್ಕೆ ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಒಳಗೆಲ್ಲ ಒರೆಸುತ್ತಿದ್ದರು. ಎಡಗೈ ಹಂಡೆಯನ್ನು ತಿರುಗಿಸುವುದು, ಬಲಗೈ ಒರೆಸುವುದು. ಹಂಡೆಯ ಒಂದೊಂದು ಸುತ್ತಿನಲ್ಲಿ ಎರಡು ಸಲ. ಆ ಎರಡು ಸಲವನ್ನು ನೋಡುತ್ತ ನಿಂತೆ. ಐದನೆಯ ಸಾಲು, ಆರನೆಯ ಸಾಲು.

ಪುಸ್ತಕ ತೆಗೆದು ಮೊದಲ ಪದ್ಯ ಓದಿದೆ. ಯಾರ ಹೆಸರಿದೆ ಎಂದು ಹೇಳಲಿಲ್ಲ. ಅವರು ತಲೆ ಎತ್ತಲಿಲ್ಲ. 'ಆಶೆಯ' ಎಂದದ್ದೇ ಕೈ ನಿಂತಿತು.

"ಅಲ್ಲಿ ಮುರೀತು ನೋಡ್ರಿ" ಎಂದರು.

ಎಲ್ಲವನ್ನೂ ಹೇಳಿದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ, ಕೈಯೆಲ್ಲ ಮಸಿ ಎಂದು. ಅರಳೆಯನ್ನು ಪಕ್ಕಕ್ಕಿಟ್ಟು, "ಕದ್ದಿದ್ದು ಇರ್ಲಿ ಮೇಷ್ಟ್ರೇ. ಅಷ್ಟು ಓದಿದೋರು, ನೆಟ್ಟಗೆ ಕದಿಯಾಕೂ ಬರಲಿಲ್ವಲ್ಲ" ಎಂದರು. ಆ ಮಾತಿನಲ್ಲಿದ್ದ ತಾತ್ಸಾರವನ್ನು ನಾನು ಇವತ್ತಿನವರೆಗೆ ಬರವಣಿಗೆಯಲ್ಲಿ ತರಲಾರದೆ ಹೋಗಿದ್ದೇನೆ.

ನಾಳೆ ಸಭೆಗೆ ಬನ್ನಿ ಎಂದೆ. ನಾನ್ಯಾಕೆ ಬರಲಿ ಎಂದರು. ಬಿಡದೆ ಒತ್ತಾಯ ಮಾಡಿದೆ. ನ್ಯಾಯಕ್ಕಾಗಿ ಎಂದುಕೊಂಡಿದ್ದೆ, ಒಬ್ಬನೇ ನಿಲ್ಲುವ ಧೈರ್ಯ ಇರಲಿಲ್ಲ ಎಂಬುದೂ ಅದರಲ್ಲಿ ಸೇರಿತ್ತು.

ಭಾನುವಾರ ಶಾಲೆಯ ಹಜಾರ ತುಂಬಿತ್ತು. ವರ್ತಕರು ಜರಿ ರುಮಾಲು ಸುತ್ತಿ ನಡುವೆ ಕೂತಿದ್ದರು. ಸಾಬರು ಒಗೆದ ಅಂಗಿ ತೊಟ್ಟು ಬಾಗಿಲ ಹತ್ತಿರ ಕೂತರು. ನಾನು ಎದ್ದು ಶರ ಷಟ್ಪದಿಯ ಲಕ್ಷಣ ಹೇಳಿದೆ, ಮೊದಲ ಪದ್ಯ ಓದಿದೆ. ಆಮೇಲೆ ಪಂಡಿತರ ಕಡೆ ತಿರುಗಿ, ಮೂರನೆಯ ಸಾಲಿನಲ್ಲಿ ಪ್ರಾಸ ಯಾವುದು ಎಂದು ಕೇಳಿದೆ.

ಅವರು ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದರು. ಮುಖದ ಬಣ್ಣ ಬದಲಾದದ್ದು ನನಗೊಬ್ಬನಿಗೆ ಕಂಡಿತು. ಕಳ್ಳತನ ಬಯಲಾಯಿತೆಂದಲ್ಲ, ಪ್ರಾಸ ತಪ್ಪಿತ್ತೆಂದು. ಅದು ಅವರಿಗೆ ಗೊತ್ತಾದದ್ದೇ ಆ ಕ್ಷಣದಲ್ಲಿ. "ಅಚ್ಚಿನ ದೋಷ" ಎಂದರು. ಹಾಗಾದರೆ ತಾವು ಬರೆದದ್ದು ಏನು ಎಂದೆ. "ಆಸೆ" ಎಂದರು. ಇನ್ನೊಂದು ಪದ್ಯ ತೋರಿಸಿದೆ, ಅದೂ ಅಚ್ಚಿನ ದೋಷವಾಯಿತು. ಮೂರನೆಯದಕ್ಕೆ ಜನ ಆಕಳಿಸತೊಡಗಿದರು. ಪುಸ್ತಕ ಮುಚ್ಚಿ ಯಾವುದಾದರೂ ಒಂದು ಪದ್ಯ ಬಾಯಲ್ಲಿ ಹೇಳಬೇಕೆಂದು ಕೇಳಿಕೊಂಡೆ. ಅವರಿಗೆ ಬರಲಿಲ್ಲ.

ಆಗ ಬಾಗಿಲ ಹತ್ತಿರದಿಂದ ಸಾಬರು ಹೇಳಿದರು. ಕೂತಲ್ಲೇ, ಯಾರನ್ನೂ ನೋಡದೆ, ಮೊದಲನೆಯದು, ಎರಡನೆಯದು, ಮೂರನೆಯದು. ಎಲ್ಲೂ ಮುರಿಯಲಿಲ್ಲ. ಇವು ಸಾಬರ ಪದ್ಯಗಳು ಎಂದು ನಾನು ಹೇಳಿದೆ, ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ.

ಅಧ್ಯಕ್ಷರು ಎದ್ದು ನಿಂತು ನಗುತ್ತ, "ನೋಡ್ರಿ, ಕಲಾಯಿ ಸಾಬನ ಬಾಯಾಗೂ ನಮ್ಮ ಪಂಡಿತರ ಪದ್ಯ ಐತೆ. ಇದಕ್ಕಿಂತ ದೊಡ್ಡ ಸನ್ಮಾನ ಏನು ಬೇಕು?" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರ ಬಂತು. ಆ ಊರಿನಲ್ಲಿ ಓದುಬರಹ ಬಲ್ಲವರೆಲ್ಲ ಅಲ್ಲಿದ್ದರು, ಒಬ್ಬನಿಗೂ ತಾನು ಕೇಳಿದ್ದು ಏನೆಂದು ತಿಳಿಯಲಿಲ್ಲ. ಪಂಡಿತರು ಒಂದು ಕ್ಷಣ ಸಾಬರ ಕಡೆ ನೋಡಿದರು. ಆಮೇಲೆ ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡರು. ಕದ್ದದ್ದನ್ನು ನಾನು ಒಂದು ದಿನ ಕ್ಷಮಿಸಬಹುದಿತ್ತೇನೋ. ಆ ಬಗ್ಗಿದ ತಲೆಯನ್ನು ಕ್ಷಮಿಸಲು ಆಗಿಲ್ಲ.

ಹೊರಗೆ ಸಾಬರ ಹಿಂದೆ ಓಡಿದೆ. ಅವರು ನಿಂತರು, ನನ್ನ ಮುಖ ನೋಡಲಿಲ್ಲ. "ಕರ್ಕಂಡು ಬಂದು ಕುಣಿಸಿದ್ರಿ ನನ್ನ" ಎಂದಷ್ಟೇ ಹೇಳಿ ಹೊರಟುಹೋದರು.

ಎರಡು ತಿಂಗಳಲ್ಲಿ ನನಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗವಾಯಿತು. ಕುರಿಮಂದೆ, ಕಪ್ಪು ಹೊಲ, ಬಿಸಿಲು, ಒಂದು ಕೋಣೆಯ ಶಾಲೆ. ಶಿಕ್ಷೆ ಎಂದು ಕಳಿಸಿದ್ದರು. ಪಂಡಿತರ ದನಿ ಕೇಳದ ಊರು ಶಿಕ್ಷೆಯಾಗುವುದು ಹೇಗೆ?

ಎರಡು ವರ್ಷ ಸಾಬರ ಸುದ್ದಿ ಇರಲಿಲ್ಲ. ಯುದ್ಧದಿಂದ ತವರ ಸಿಗುವುದೇ ಕಷ್ಟವಾಗಿ ಅವರ ಕಸುಬು ಸೊರಗಿತ್ತು. ಇದ್ದಬದ್ದ ಪಾತ್ರೆ ಹುಡುಕಿಕೊಂಡು ದೂರದ ಹಳ್ಳಿಗಳಿಗೂ ಹೋಗುತ್ತಿದ್ದರಂತೆ. ಮಗಳ ಮನೆಗೆ ಬಂದವರು ಒಂದು ಬೆಳಿಗ್ಗೆ ಬಿಳಿಚೋಡಿನ ಶಾಲೆಯ ಜಗಲಿಯ ಮೇಲೆ ತಿದಿ ಇಳಿಸಿದರು. ನೀರು ಕೊಟ್ಟೆ. ಆ ಸಭೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. "ಬರ್ಕಳಾಕೆ ಕಾಗದ ಐತೇನ್ರಿ?" ಎಂದು ಅವರೇ ಕೇಳಿದರು. ಮಕ್ಕಳು ಬಿಟ್ಟುಹೋದ ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಹೊಲಿದೆ. ಮೂರು ದಿನ, ಊರಿನವರ ಪಾತ್ರೆ ಒರೆಸುತ್ತ ಅವರು ಹೇಳಿದರು, ನಾನು ಬರೆದೆ. ಅರವತ್ತು ಪದ್ಯ ಬಂದವು. ಉಳಿದವು ನೆನಪಿನಿಂದ ಹೋಗಿದ್ದವು. ಕೈ ಆಡಿದರೆ ಬರ್ತಾವೆ, ಈಗ ಕೈಗೆ ಕೆಲಸ ಎಲ್ಲೈತೆ ಎಂದರು.

ಯುದ್ಧ ಮುಗಿದ ಮೇಲೆ ಪಂಡಿತರು ತೀರಿಕೊಂಡ ಸುದ್ದಿ ಬಂತು. ಪಾರ್ಶ್ವವಾಯು ಹೊಡೆದು ಒಂದು ತಿಂಗಳು ಮಾತಿಲ್ಲದೆ ಮಲಗಿದ್ದರಂತೆ. ನನಗೆ ದುಃಖವಾಗಲಿಲ್ಲ, ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊನ್ನಾಳಿಗೆ ಹೋದದ್ದು ಆ ಕಪ್ಪು ರಟ್ಟಿನ ಪುಸ್ತಕ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು.

ಅವರ ಹೆಂಡತಿ ನಡುಮನೆಯಲ್ಲಿ ಕೂತಿದ್ದರು. ಗೋಡೆಯ ಗೂಡುಗಳು ಬರಿದಾಗಿದ್ದವು. "ಎಲ್ಲಾ ನೀರೊಲೆಗೆ ಹಾಕ್ದೆ ಕಣಪ್ಪ. ಧೂಳು ಒರೆಸಿ ಒರೆಸಿ ಸಾಕಾಗಿತ್ತು" ಎಂದರು. ಕಪ್ಪು ರಟ್ಟಿನದೊಂದು ಇತ್ತಲ್ಲ ಅಮ್ಮ ಎಂದೆ. ಅವರು ನನ್ನನ್ನು ದಿಟ್ಟಿಸಿದರು. "ಅದನ್ನ ನಾನು ಹಾಕಲಿಲ್ಲ. ಪುಸ್ತಕ ಅಚ್ಚಿಗೆ ಹೋದ ವರ್ಷನೇ ಅವರೇ ಒಲೆ ಮುಂದೆ ಕೂತು, ಒಂದೊಂದೇ ಹಾಳೆ ಓದಿ ಓದಿ ಹಾಕಿದ್ರು."

ಓದಿ ಓದಿ. ಆ ಮಾತು ಹೊತ್ತುಕೊಂಡು ವಾಪಸಾದೆ. ಓದಿ ಸುಟ್ಟ ಮೇಲೂ ಒಂದು ಸಾಲು ಅವರ ಬಾಯಿಗೆ ಹತ್ತಿರಲಿಲ್ಲ.

ಉಳಿದ ನಲವತ್ತೆಂಟು ಪದ್ಯಗಳಿಗೆ ಈಗ ಇದ್ದ ಆಧಾರ ಅವರ ಕಳ್ಳ ಪುಸ್ತಕ ಒಂದೇ. ಬಿಳಿಚೋಡಿನಲ್ಲಿ ಕೂತು ಅವನ್ನು ಒಂದೊಂದಾಗಿ ಬಿಚ್ಚಿದೆ. ಎಲ್ಲಿ ಐದು ಮಾತ್ರೆ ಬಂದಿದೆಯೋ ಅಲ್ಲಿ ಪಂಡಿತರ ಕೈ ಇದೆ. ಎಲ್ಲಿ ಎರಡನೆಯ ಅಕ್ಷರ ತಪ್ಪಿದೆಯೋ ಅಲ್ಲಿ ಇದೆ. ಒಂದು ಬೇಸಿಗೆ ಪೂರ್ತಿ ಹಿಡಿಯಿತು. ನನ್ನ ಕಿವಿ ಸಾಬರ ಕಿವಿಯಲ್ಲ. ಲೆಕ್ಕ ಗೊತ್ತಿಲ್ಲದಿದ್ದರೆ ಒಂದು ಪದವನ್ನೂ ಅಲುಗಿಸುವ ಧೈರ್ಯ ಬರುತ್ತಿರಲಿಲ್ಲ. ಆ ಲೆಕ್ಕ ಕಲಿಸಿದವರು ಯಾರೆಂದು ಪ್ರತಿ ಗೆರೆ ಎಳೆಯುವಾಗಲೂ ನೆನಪಾಗುತ್ತಿತ್ತು. ಸಂತೋಷದಿಂದಲ್ಲ.

ಮುಂದಿನ ಸಲ ಸಾಬರು ಬಂದಾಗ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೆಲವಕ್ಕೆ ಹೂಂ ಎಂದರು, ಎರಡು ಕಡೆ ಪದ ಬದಲಿಸಿದರು. ಅಚ್ಚಿನ ಪುಸ್ತಕದಲ್ಲಿ ಕೊನೆಗಿದ್ದ ಪದ್ಯ ಬಂದಾಗ ಕಣ್ಣು ತೆರೆದರು.

"ಇದು ನಂದಲ್ಲ" ಎಂದರು.

ಮತ್ತೊಮ್ಮೆ ನೋಡಿದೆ. ಪ್ರಾಸ ಶುದ್ಧ, ಗಣ ಶುದ್ಧ, ಮರುಕಳಿಸಿದ ಪದ ಒಂದೂ ಇಲ್ಲ. ನೂರೆಂಟು ತುಂಬಿಸಲು ಪಂಡಿತರು ತಾವೇ ಬರೆದು ಸೇರಿಸಿದ್ದರು. ಸಾಬರು ಮತ್ತೊಮ್ಮೆ ಓದಿಸಿಕೊಂಡು ಕೇಳಿದರು.

"ತಪ್ಪೇನೂ ಇಲ್ಲ. ಏನೂ ಇಲ್ಲ" ಎಂದರು.

ಆ ಪದ್ಯವನ್ನು ಬಿಟ್ಟು ನೂರೇಳನ್ನು ಶುದ್ಧಪ್ರತಿ ಮಾಡಿದೆ. ಮೊದಲ ಹಾಳೆಯ ಮೇಲೆ ಸಾಬರ ಹೆಸರು, ಅವರ ತಂದೆಯ ಹೆಸರು, ನ್ಯಾಮತಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಸಾಬರು ಆ ಹಾಳೆಯನ್ನು ದೂರದಿಂದಲೇ ನೋಡಿದರು, ಆಮೇಲೆ ಕೈ ತೊಳೆದುಕೊಂಡು ಬಂದು ಮುಟ್ಟಿ ನೋಡಿದರು. ಅವರು ಊರಿಗೆ ಹೊರಟುಹೋದ ಮೇಲೆ ನಾನು ಇನ್ನೂ ಸ್ವಲ್ಪ ಹೊತ್ತು ಆ ಹಾಳೆಯ ಮುಂದೆ ಕೂತಿದ್ದೆ. ಕೆಳಗಡೆ ಜಾಗ ಉಳಿದಿತ್ತು. 'ತಿದ್ದಿದವನಿಗೆ ಛಂದಸ್ಸು ಕಲಿಸಿದವರು' ಎಂದು ಸಣ್ಣ ಅಕ್ಷರದಲ್ಲಿ ಬರೆದು, ಮುಂದೆ ಪಂಡಿತರ ಹೆಸರು ಬರೆದೆ. ಬಿರುದುಗಳನ್ನು ಬರೆಯಲಿಲ್ಲ. ಹೆಸರು ಬರೆಯುವುದಕ್ಕೂ ನನಗೆ ಮನಸ್ಸಿರಲಿಲ್ಲ. ಆದರೆ ಅದು ನಿಜವಾಗಿತ್ತು, ಬರೆದೆ.